ಮಲ್ಲೇಶ್ವರ ಬಡಾವಣೆ: ಅದರ ಚರಿತ್ರೆ ಮತ್ತು ಗೃಹರಚನೆ

ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಪ್ರಯಾಣ ಮಾಡುವವರಿಗೆ, ಯಶವಂತಪುರವನ್ನು ದಾಟಿದ ಮೇಲೆ ನಗರದ ಮುಖ್ಯ ನಿಲ್ದಾಣಕ್ಕೆ ಮುನ್ನ ಎದುರಾಗುವ ಮಲ್ಲೇಶ್ವರವೆಂಬ ಚಿಕ್ಕ ನಿಲ್ದಾಣವು ಪರಿಚಿತವಾದುದೇ ಆಗಿದೆ. ನಮ್ಮ ಜಿಲ್ಲೆಯ ಎಷ್ಟೋ ಮಂದಿ ವಿದ್ಯಾರ್ಥಿಗಳೂ ನೌಕರರೂ ಇಲ್ಲಿ ಇಳಿದು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಆದರೆ ತಾವು ಇಳಿದ ಬಡಾವಣೆಯು ಹುಟ್ಟಿಕೊಂಡುದಕ್ಕೂ ತಾವು ಬಂದ ಈ ರೈಲುದಾರಿಗೂ ಒಂದು ಸಂಬಂಧವಿದೆಯೆಂಬುದನ್ನು ಬಲ್ಲವರು ವಿರಳ. ೧೮೮೪ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದ ಈ ದಾರಿಯು ಮುಂದಿನ ಕೆಲವೇ ವರ್ಷಗಳಲ್ಲಿ ಗುಬ್ಬಿ, ಅರಸೀಕೆರೆಗಳ ಮೇಲೆ ಹಾದು ಹರಿಹರವನ್ನು ಮುಟ್ಟಿ, ಹುಬ್ಬಳ್ಳಿ ಧಾರವಾಡಗಳ ಸೀಮೆಯನ್ನು ಬೆಂಗಳೂರಿಗೆ ಜೋಡಿಸಿತು. ಕೊಬ್ಬರಿ ಅಡಕೆಗಳ ವ್ಯಾಪಾರಕ್ಕೆ ಅನುಕೂಲವಾದ ಈ ದಾರಿಯಲ್ಲೇ ೧೮೯೮ರಲ್ಲಿ ಪ್ಲೇಗು ಎಂಬ ಪಿಡುಗೂ ಬೆಂಗಳೂರನ್ನು ಹೊಕ್ಕಿತು. ಆ ಪಿಡುಗಿನ ಭಯವೇ ಮಲ್ಲೇಶ್ವರ, ಬಸವನಗುಡಿಗಳೆಂಬ ಎರಡು ಬಡಾವಣೆಗಳನ್ನು ತ್ವರೆಯಿಂದ ಬೆಳೆಯಿಸಿತು.

ಪ್ರಕೃತ ಲೇಖನದಲ್ಲಿ ಮಲ್ಲೇಶ್ವರದ ಚರಿತ್ರೆಯನ್ನು ಸಂಕ್ಷೇಪವಾಗಿ ತಿಳಿಸಿ, ಅಲ್ಲಿಯ ಮನೆಗಳ ರಚನೆಯನ್ನು ವಿವರಿಸುವುದು ನಮ್ಮ ಉದ್ದೇಶ. ಮಲ್ಲೇಶ್ವರದ ಮನೆಯು ಹಳೆಯ ಪೇಟೆಯ ಮನೆಯನ್ನು ತೊರೆದು ಹುಟ್ಟಿದುದಲ್ಲ. ಅದನ್ನೇ ಬಿಡಿಸಿ, ನಡುನಡುವೆ ಗಾಳಿ ಬೆಳಕುಗಳಿಗೆ ತೆರಪು ಕೊಟ್ಟು, ಮತ್ತೆ ಜೋಡಿಸಿದುದು ಎಂಬುದು ಇಲ್ಲಿ ಪ್ರತಿಪಾದಿಸಬೇಕಾದ ವಿಷಯ. ಈ ಮಾತು ನಿಜವಾದರೆ ಗುಬ್ಬಿ ಕುಣಿಗಲುಗಳ ಹಳೆಯ ಬೀದಿಗಳನ್ನು ಬಲ್ಲವರಿಗೆ ಬೆಂಗಳೂರಿನ ಈ ಬಡಾವಣೆ ಸುಲಭವಾಗಿ ಅರ್ಥವಾಗಬೇಕು. ಮಲ್ಲೇಶ್ವರವನ್ನು ಅಭ್ಯಾಸ ಮಾಡಿದವರಿಗೆ ತಮ್ಮ ಊರಿನ ಮನೆಗಳೂ ಹೊಸದಾಗಿ ಕಾಣಬೇಕು.

೧. ಮಲ್ಲಾಪುರ

ಬಡಾವಣೆಗೆ ಹೆಸರು ಬಂದುದು ಅಲ್ಲಿಯ ಕಾಡುಮಲ್ಲೇಶ್ವರ ದೇವಾಲಯದಿಂದ. ಊರು ಬೆಳೆಯುವ ಮೊದಲು ಈ ಎತ್ತರದ ನೆಲವು ಬೆಂಗಳೂರು ಕೋಟೆ ಪೇಟೆಗಳಿಗೆ ವಾಯವ್ಯದಲ್ಲಿ, ಮರಗಿಡಗಳ ನಡುವೆ ಇದ್ದ ಮಲ್ಲಾಪುರವೆಂಬ ಹಳ್ಳಿಗೆ ಸೇರಿದುದಾಗಿತ್ತು. ದೇವರ ಹೆಸರಿಗೆ ‘ಕಾಡು’ ಎಂಬ ಪದ ಅಂಟಿಕೊಂಡಿರುವುದೇ ಆ ಹಿಂದಿನ ಸ್ಥಿತಿಗೆ ಸಾಕ್ಷಿ. ಛತ್ರಪತಿ ಶಿವಾಜಿಯ ಮಲಸಹೋದರನಾದ ಏಕೋಜಿಯು ೧೬೬೯ರಲ್ಲಿ ಈ ಮಲ್ಲಿಕಾರ್ಜುನ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಬಿಟ್ಟನೆಂದು ಶಾಸನವೊಂದು ತಿಳಿಸುತ್ತದೆ. ದೇವಾಲಯದ ಎದುರಿನಲ್ಲಿ, ಮಣ್ಣಿನಡಿಯಲ್ಲಿ ಬಹುಕಾಲ ಮುಚ್ಚಿಹೋಗಿದ್ದ ನಂದಿತೀರ್ಥವು ೧೯೯೭ರಲ್ಲಿ ಬೆಳಕಿಗೆ ಬಂದಿತು. ಬಡಾವಣೆಯು ಬರಿಯ ಬಯಲಿನಲ್ಲಿ ಗೆರೆಯೆಳೆದು ಹುಟ್ಟಿಸಿದುದೆಂದು ಭಾವಿಸುವವರು ಈ ಶಾಸನವನ್ನೂ ಈ ಕೊಳವನ್ನೂ ನೆನೆಯಬೇಕು. ಗೆರೆಗಳು ಹೊಸವು, ನೆಲವು ಹಳೆಯದು.

ಹಳ್ಳಿಗೆ ಸಮೀಪದಲ್ಲಿ ೧೮೮೨ರಲ್ಲಿ ಸ್ಯಾಂಕಿ ಕೆರೆಯು ನಿರ್ಮಿತವಾಯಿತು. ರಿಚರ್ಡ್ ಸ್ಯಾಂಕಿ ಎಂಬ ಎಂಜಿನಿಯರನ ಹೆಸರನ್ನು ಹೊತ್ತ ಈ ಕೆರೆಯು, ೧೮೭೬-೭೮ರ ಮಹಾಕ್ಷಾಮದ ನೆನಪು ಮಾಸುವ ಮೊದಲೇ ಆದ ಜಲಕಾರ್ಯ. ಅನಂತರ ೧೮೯೦ರ ದಶಕದಲ್ಲಿ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟಿದ ಕೆರೆಯಿಂದ ನಗರಕ್ಕೆ ನೀರು ತರುವ ಏರ್ಪಾಡಾಯಿತು. ನೀರು ಬರುವ ದಿಕ್ಕಿನಲ್ಲಿ ಊರು ಬೆಳೆಯುವುದು ಸ್ವಾಭಾವಿಕ. ಹೀಗೆ ರೈಲು, ಕೆರೆ, ಕೊಳವೆಯ ನೀರು ಎಂಬ ಮೂರು ಅನುಕೂಲಗಳೂ ಬೆಂಗಳೂರಿನ ವಾಯವ್ಯ ಭಾಗದಲ್ಲಿ ಕೂಡಿಬಂದವು.

೨. ಪೇಟೆಯ ಮನೆ

ಮಲ್ಲೇಶ್ವರವು ಯಾವುದಕ್ಕೆ ಪ್ರತಿಯಾಗಿ ಹುಟ್ಟಿತೋ ಅದನ್ನು ಮೊದಲು ನೋಡಬೇಕು. ಕೆಂಪೇಗೌಡನು ೧೫೩೭ರಲ್ಲಿ ಸ್ಥಾಪಿಸಿದನೆನ್ನುವ ಬೆಂಗಳೂರಿನ ಪೇಟೆಯಲ್ಲಿ ದೊಡ್ಡಪೇಟೆ, ಚಿಕ್ಕಪೇಟೆಗಳೆಂಬ ಎರಡು ಹಿರಿಯ ಬೀದಿಗಳು ಒಂದನ್ನೊಂದು ಕತ್ತರಿಸುತ್ತಿದ್ದುವು. ಅವುಗಳ ಸುತ್ತ ಒಂದೊಂದು ಕಸುಬಿನವರ ಹೆಸರಿನಲ್ಲಿ ಒಂದೊಂದು ಪೇಟೆ ಬೆಳೆಯಿತು. ತುಮಕೂರಿನಲ್ಲಿಯೂ ಚಿಕ್ಕಪೇಟೆಯಿರುವುದು ವಾಚಕರಿಗೆ ತಿಳಿದೇ ಇದೆ. ಹೆಸರು ಮಾತ್ರವಲ್ಲ, ರಚನೆಯ ಕ್ರಮವೂ ಒಂದೇ ಬಗೆಯದು.

ಪೇಟೆಯ ಮನೆಯು ಬೀದಿಯ ಅಂಚಿನಲ್ಲಿಯೇ ನಿಲ್ಲುತ್ತದೆ. ಮುಂದೆ ಜಗಲಿ. ಜಗಲಿಯು ಮನೆಯವರದೂ ಹೌದು, ಬೀದಿಯವರದೂ ಹೌದು. ದಣಿದವನು ಕೂರುವುದಕ್ಕೆ, ವ್ಯಾಪಾರಿಯು ಮೂಟೆಯಿಳಿಸುವುದಕ್ಕೆ, ಸಂಜೆ ಹಿರಿಯರು ಮಾತಾಡುವುದಕ್ಕೆ ಅದೇ ಸ್ಥಳ. ಎರಡು ಮನೆಗಳ ನಡುವೆ ಒಂದೇ ಗೋಡೆ. ಆದುದರಿಂದ ಪಕ್ಕದಲ್ಲಿ ಕಿಟಕಿಯಿಡುವ ಅವಕಾಶವಿಲ್ಲ. ಗಾಳಿ ಬೆಳಕುಗಳು ಬರಬೇಕಾದರೆ ಮೇಲಿನಿಂದಲೇ ಬರಬೇಕು. ಈ ಅಗತ್ಯದಿಂದ ತೊಟ್ಟಿಯು ಹುಟ್ಟಿತು. ಮನೆಯ ನಡುವೆ ಆಕಾಶಕ್ಕೆ ತೆರೆದ, ನೆಲದಿಂದ ತಗ್ಗಾದ ಚೌಕ. ಅದರ ಸುತ್ತ ಕಂಬಗಳ ಮೇಲೆ ನಿಂತ ಪಡಸಾಲೆ. ಅದಕ್ಕೆ ಸೇರಿದಂತೆ ನಡುಮನೆ, ದೇವರಮನೆ, ಅಡುಗೆಮನೆ, ಕೋಣೆಗಳು. ಹಿಂದೆ ಬಚ್ಚಲು, ಬಾವಿ, ಹಿತ್ತಿಲು. ಗೋಡೆ ಮಣ್ಣಿನದು, ಮಾಡಿನ ಹೊದಿಕೆ ನಾಡಹೆಂಚಿನದು. ಧಾನ್ಯವು ಮನೆಯೊಳಗೇ ಹಗೇವಿನಲ್ಲಿಯೋ ಕಣಜದಲ್ಲಿಯೋ ಇರುತ್ತಿತ್ತು. ದನಕರುಗಳಿಗೂ ಹಲವೆಡೆ ಅದೇ ಸೂರಿನಡಿಯಲ್ಲಿ ಸ್ಥಳ.

ಹಳ್ಳಿಯಲ್ಲಿ ಈ ರಚನೆಯು ಸುಖಕರವಾದುದೇ. ಸುತ್ತ ಹೊಲ ತೋಟಗಳಿರುವಾಗ ಒಳಗಿನ ಇಕ್ಕಟ್ಟು ಬಾಧಿಸುವುದಿಲ್ಲ. ಆದರೆ ಕೋಟೆ ಕಂದಕಗಳ ಒಳಗಿನ ಪೇಟೆಯಲ್ಲಿ ಜನ ಹೆಚ್ಚಿದಂತೆ ಹಿತ್ತಿಲು ಕರಗಿ ಕೋಣೆಯಾಯಿತು. ಅಣ್ಣತಮ್ಮಂದಿರು ಪಾಲಾದಾಗ ತೊಟ್ಟಿಯೂ ಪಾಲಾಯಿತು. ಬಚ್ಚಲ ನೀರು ಬೀದಿಯ ಮೋರಿಗೆ ಹರಿಯಿತು. ಹತ್ತೊಂಬತ್ತನೆಯ ಶತಮಾನದ ಅಂತ್ಯದ ವೇಳೆಗೆ ಬೆಂಗಳೂರು ಪೇಟೆಯ ಅವಸ್ಥೆ ಹೀಗಿದ್ದಿತು. ಈ ಇಕ್ಕಟ್ಟನ್ನು ಸಡಿಲಿಸುವ ಯೋಚನೆ ಪ್ಲೇಗಿಗೆ ಮುನ್ನವೇ ಇದ್ದಿತೆಂಬುದನ್ನೂ ಗಮನಿಸಬೇಕು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತಕಾಲದಲ್ಲಿ, ೧೮೯೨ರಲ್ಲಿ, ಪೇಟೆಗೆ ಪಶ್ಚಿಮದಲ್ಲಿ ಚಾಮರಾಜಪೇಟೆಯು ಏರ್ಪಟ್ಟಿತು. ಮಲ್ಲೇಶ್ವರ ಬಸವನಗುಡಿಗಳು ಅದೇ ದಾರಿಯಲ್ಲಿ ಮುಂದಿನ ಹೆಜ್ಜೆಗಳು.

೩. ಸಾವಿರದ ಎಂಟುನೂರ ತೊಂಬತ್ತೆಂಟು

ಪ್ಲೇಗು ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು, ರೈಲುದಾರಿಗಳನ್ನು ಹಿಡಿದು ದಕ್ಷಿಣಕ್ಕೆ ಇಳಿಯಿತು. ೧೮೯೮ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಮೊದಲ ರೋಗಿ ಕಂಡುಬಂದನು. ಆತನು ಧಾರವಾಡದ ಕಡೆಯಿಂದ ರೈಲಿನಲ್ಲಿ ಬಂದವನು. ಮುಂದಿನ ತಿಂಗಳುಗಳಲ್ಲಿ ಪೇಟೆಯು ಬರಿದಾಯಿತು. ಸತ್ತವರು ಹಲವರು, ಊರು ಬಿಟ್ಟವರು ಅದಕ್ಕಿಂತ ಹೆಚ್ಚು ಮಂದಿ. ಇದರ ಗುರುತು ಜನಗಣತಿಯಲ್ಲಿ ಉಳಿದಿದೆ. ೧೮೯೧ರಲ್ಲಿ ನಗರ ದಂಡುಗಳೆರಡೂ ಸೇರಿ ಬೆಂಗಳೂರಿನಲ್ಲಿ ೧,೮೦,೩೬೬ ಜನರಿದ್ದರು. ೧೯೦೧ರಲ್ಲಿ ೧,೫೯,೦೪೬ ಜನರು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಊರು ಇಪ್ಪತ್ತೊಂದು ಸಾವಿರ ಜನರಷ್ಟು ಕುಗ್ಗಿತು.

ಹಳೆಯ ಮೈಸೂರು ಸೀಮೆಯ ಊರೂರುಗಳಲ್ಲಿಯೂ ಈ ಕಾಲದ ನೆನಪು ಒಂದು ನುಡಿಯಲ್ಲಿ ಉಳಿದುಬಂದಿದೆ. ‘ಇಲಿ ಬಿತ್ತು’ ಎಂದರೆ ಸಾಕು, ಮನೆಗೆ ಬೀಗ ಹಾಕಿ, ಹೊಲದಲ್ಲಿಯೋ ತೋಪಿನಲ್ಲಿಯೋ ಗುಡಿಸಲು ಕಟ್ಟಿಕೊಳ್ಳುವುದು ವಾಡಿಕೆಯಾಯಿತು. ಜನರು ತಮ್ಮ ಅನುಭವದಿಂದ ಇಲಿಗೂ ರೋಗಕ್ಕೂ ನಂಟನ್ನು ಕಂಡುಕೊಂಡಿದ್ದರು. ಶಾಸ್ತ್ರವು ಆಗ ಅಷ್ಟು ಮುಂದೆ ಹೋಗಿರಲಿಲ್ಲ. ರೋಗಾಣುವನ್ನು ೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬಾತನು ಗುರುತಿಸಿದ್ದನು. ಇಲಿಯ ಮೈಮೇಲಣ ಚಿಗಟದಿಂದ ರೋಗವು ಹರಡುವುದೆಂದು ಸಿಮೋಂ ಎಂಬಾತನು ೧೮೯೮ರಲ್ಲಿಯೇ ಸೂಚಿಸಿದರೂ ವಿದ್ವಾಂಸರು ಅದನ್ನು ಒಪ್ಪಿಕೊಂಡುದು ಹಲವು ವರ್ಷಗಳ ತರುವಾಯ. ಆದುದರಿಂದ ಅಧಿಕಾರಿಗಳು ನಂಬಿದುದು ಹಳೆಯ ಸಿದ್ಧಾಂತವನ್ನೇ: ಕೆಟ್ಟ ಗಾಳಿ, ಕತ್ತಲೆ, ತೇವ, ಜನಸಂದಣಿ ಇವೇ ರೋಗಕ್ಕೆ ಮೂಲ. ಇಕ್ಕಟ್ಟಾದ ಮನೆಗಳನ್ನು ಕೆಡವುವುದು, ಮಾಡನ್ನು ಬಿಚ್ಚಿ ಬಿಸಿಲು ಬಿಡುವುದು, ಜನರನ್ನು ಊರ ಹೊರಗೆ ಕಳುಹಿಸುವುದು ಅವರ ಕ್ರಮಗಳಾಗಿದ್ದುವು.

ಇಲ್ಲಿ ಚರಿತ್ರೆಯ ಒಂದು ವೈಚಿತ್ರ್ಯವಿದೆ. ಬಡಾವಣೆಯ ನಕ್ಷೆಯನ್ನು ಪ್ರೇರಿಸಿದ ವೈದ್ಯಕೀಯ ಸಿದ್ಧಾಂತವು ಅಪೂರ್ಣವಾಗಿದ್ದಿತು. ಆದರೂ ಅದರ ಫಲವು ಬಹುಮಟ್ಟಿಗೆ ಒಳ್ಳೆಯದಾಯಿತು. ಎತ್ತರವಾದ ತಳಪಾಯ, ಕಲ್ಲು ಹಾಸಿದ ಅಥವಾ ಗಾರೆಯ ನೆಲ, ಸುಟ್ಟ ಇಟ್ಟಿಗೆಯ ಗೋಡೆ, ಮನೆಗೂ ಮನೆಗೂ ನಡುವೆ ತೆರಪು, ಹಗೇವಿಲ್ಲದ ಮನೆ — ಇವನ್ನು ಗಾಳಿಗೋಸ್ಕರ ಮಾಡಿದರು. ಆದರೆ ಇಲಿಗೆ ಬಿಲ ತೋಡಲು ಎಡೆಯಿಲ್ಲದಂತಾಯಿತು. ಕಾರಣವನ್ನು ತಪ್ಪಾಗಿ ತಿಳಿದೂ ಕಾರ್ಯವನ್ನು ಸರಿಯಾಗಿ ಮಾಡಿದ ಉದಾಹರಣೆಗಳಲ್ಲಿ ಇದೂ ಒಂದು.

೪. ಬಡಾವಣೆಯ ನಕ್ಷೆ

ಮಲ್ಲೇಶ್ವರದ ನಕ್ಷೆಯನ್ನು ಅರಿಯಲು ಕಷ್ಟವಿಲ್ಲ. ದಕ್ಷಿಣೋತ್ತರವಾಗಿ ಉದ್ದನೆಯ ಮುಖ್ಯರಸ್ತೆಗಳು. ಅವನ್ನು ಪೂರ್ವಪಶ್ಚಿಮವಾಗಿ ಕತ್ತರಿಸುವ, ಸಂಖ್ಯೆಗಳಿಂದ ಕರೆಯಲ್ಪಡುವ ಅಡ್ಡರಸ್ತೆಗಳು. ಪೇಟೆಯಲ್ಲಿ ಬೀದಿಗೆ ಕಸುಬಿನ ಹೆಸರು. ಇಲ್ಲಿ ಬೀದಿಗೆ ಸಂಖ್ಯೆಯ ಅಥವಾ ಮರದ ಹೆಸರು. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಎಂಬ ಹೆಸರುಗಳನ್ನು ನೋಡಬಹುದು. ಮಾರ್ಗೋಸಾ ಎಂದರೆ ನಮ್ಮ ಬೇವು. ಕಸುಬಿನಿಂದ ಬೀದಿಯನ್ನು ಗುರುತಿಸುವ ಪದ್ಧತಿ ನಿಂತುಹೋದುದು ಗಮನಾರ್ಹವಾದ ಸಂಗತಿ. ಇಲ್ಲಿಗೆ ಬಂದು ನೆಲಸಿದವರಲ್ಲಿ ಸರ್ಕಾರದ ನೌಕರರು, ವಕೀಲರು, ಉಪಾಧ್ಯಾಯರು, ವರ್ತಕರು ಹೆಚ್ಚು. ಮನೆಯೇ ಅಂಗಡಿ, ಜಗಲಿಯೇ ಕಾರ್ಯಾಗಾರ ಎಂಬ ಪೇಟೆಯ ಕ್ರಮವು ಇವರಿಗೆ ಬೇಕಾಗಿರಲಿಲ್ಲ. ದುಡಿಮೆಯ ಸ್ಥಳವೂ ವಾಸದ ಸ್ಥಳವೂ ಬೇರೆಬೇರೆಯಾದುದು ನಮ್ಮ ನಗರಜೀವನದಲ್ಲಿ ಒಂದು ದೊಡ್ಡ ಪರಿವರ್ತನೆ. ‘ವಸತಿ ಬಡಾವಣೆ’ ಎಂಬ ಪದವು ಸಾರ್ಥಕವಾಗುವುದು ಇಂತಹ ಸ್ಥಳಗಳಲ್ಲಿಯೇ.

ಆದರೆ ಕಸುಬು ಹೋದರೂ ಜಾತಿ ಹೋಗಲಿಲ್ಲ. ನಿವೇಶನಗಳನ್ನು ಹಂಚುವಾಗ ಜಾತಿಮತಗಳನ್ನು ಲಕ್ಷಿಸಿ ಬೇರೆಬೇರೆ ಭಾಗಗಳನ್ನು ಗೊತ್ತುಮಾಡುವ ಪದ್ಧತಿ ಈ ಬಡಾವಣೆಗಳಲ್ಲಿಯೂ ಇದ್ದಿತು. ನೇರವಾದ ರಸ್ತೆ, ಸಮನಾದ ನಿವೇಶನ, ಸಂಖ್ಯೆಯ ಹೆಸರು ಇವು ಸಮಾನತೆಯ ಚಿಹ್ನೆಗಳಂತೆ ತೋರಿದರೂ, ಯಾರಿಗೆ ಎಲ್ಲಿ ಸ್ಥಳವೆಂಬ ಹಳೆಯ ಪ್ರಶ್ನೆಗೆ ಹೊಸ ನಕ್ಷೆಯೂ ಹಳೆಯ ಉತ್ತರವನ್ನೇ ಕೊಟ್ಟಿತು. ಬಡಾವಣೆಯ ಸೊಬಗನ್ನು ಕೊಂಡಾಡುವವರು ಈ ಮಾತನ್ನು ಮರೆಯಬಾರದು.

೫. ಮನೆಯ ರಚನೆ

ಮಲ್ಲೇಶ್ವರದ ಹಳೆಯ ಮನೆಯೊಂದನ್ನು ಬೀದಿಯಿಂದ ಹಿತ್ತಿಲವರೆಗೆ ಕ್ರಮವಾಗಿ ನೋಡೋಣ.

ಮೊದಲು ತಗ್ಗಾದ ಕಾಂಪೌಂಡು ಗೋಡೆ, ಕಬ್ಬಿಣದ ಅಥವಾ ಮರದ ಗೇಟು. ಪೇಟೆಯಲ್ಲಿ ಮನೆಗೂ ಬೀದಿಗೂ ನಡುವೆ ಜಗಲಿ ಮಾತ್ರವಿದ್ದಿತು. ಇಲ್ಲಿ ಅಂಗಳವು ಬಂದಿತು. ಈ ಅಂಗಳವು ೧೮೦೯ರಲ್ಲಿ ನೆಲೆಗೊಂಡ ದಂಡಿನ ಬಂಗಲೆಗಳಿಂದ ಎರವಲು ಪಡೆದುದು. ಆದರೆ ದಂಡಿನ ಬಂಗಲೆಯ ಹುಲ್ಲುಹಾಸಿನ ಸ್ಥಳದಲ್ಲಿ ಇಲ್ಲಿ ಪಾರಿಜಾತ, ದಾಸವಾಳ, ಮಲ್ಲಿಗೆಗಳು ಪೂಜೆಯ ಹೂವಿಗಾಗಿ ಬೆಳೆದುವು. ಬಾಗಿಲ ಮುಂದಣ ನೆಲವು ರಂಗವಲ್ಲಿಗೆ ಮೀಸಲಾಯಿತು.

ಮೆಟ್ಟಿಲೇರಿದರೆ ಮುಂಭಾಗದ ವರಾಂಡ. ಇದರ ಅಂಚಿನಲ್ಲಿ ಹಲವು ಮನೆಗಳಲ್ಲಿ ಮರದ ಪಟ್ಟಿಗಳನ್ನು ಓರೆಯಾಗಿ ಹೆಣೆದ ಜಾಲರಿಯಿರುತ್ತದೆ. ಬೀದಿಯನ್ನು ಕಾಣುತ್ತ ಬೀದಿಗೆ ಕಾಣದೆ ಕೂರಲು ಇದರಿಂದ ಅನುಕೂಲ. ವರಾಂಡದ ಎರಡು ಪಕ್ಕಗಳಲ್ಲಿಯೂ ಕೂರುವ ಕಟ್ಟೆಗಳಿದ್ದರೆ, ಅವು ಪೇಟೆಯ ಜಗಲಿಯೇ ಒಳಕ್ಕೆ ಸರಿದು ಬಂದುದೆಂದು ತಿಳಿಯಬೇಕು. ಜಗಲಿಯು ಬೀದಿಯವರಿಗೆ ತೆರೆದಿತ್ತು. ಗೇಟಿನ ಒಳಗಿನ ಕಟ್ಟೆಯು ಕರೆದವರಿಗೆ ಮಾತ್ರ. ಒಂದು ಅಡ್ಡಗೋಡೆಯ ಸ್ಥಾನ ಬದಲಾದುದರಿಂದ ನೆರೆಹೊರೆಯ ಅರ್ಥವೇ ಎಷ್ಟು ಬದಲಾಯಿತೆಂಬುದನ್ನು ಇದರಿಂದ ಊಹಿಸಬಹುದು.

ವರಾಂಡದ ಮೇಲೆ, ಕಿಟಕಿಗಳ ಮೇಲೆ, ಚೂಪಾದ ತ್ರಿಕೋನಾಕಾರದ ಮರದ ಕೆಲಸ ಕಾಣುತ್ತದೆ. ಮೇಲೆ ಇಳಿಜಾರಾದ ಪುಟ್ಟ ಮಾಡು, ಅದರ ಮುಖದಲ್ಲಿ ಲಂಬವಾಗಿ ಜೋಡಿಸಿದ ಮರದ ಪಟ್ಟಿಗಳು. ಬೆಂಗಳೂರಿನಲ್ಲಿ ಇದಕ್ಕೆ ‘ಮಂಕಿ ಟಾಪ್’ ಎಂದು ಹೆಸರು. ಇದು ಬರಿಯ ಅಲಂಕಾರವಲ್ಲ. ಮಳೆಯ ಎರಚಲನ್ನು ತಡೆದು, ಬಿಸಿಲಿನ ಝಳವನ್ನು ಮುರಿದು, ಪಟ್ಟಿಗಳ ಸಂದಿನಿಂದ ಗಾಳಿಯನ್ನು ಒಳಬಿಡುವುದು ಅದರ ಕೆಲಸ. ದಂಡಿನ ಬಂಗಲೆಗಳಿಂದ ಬಂದ ಈ ರೂಪವು ಬಡಾವಣೆಯ ಬಡಗಿಗಳ ಕೈಯಲ್ಲಿ ಮನೆಗೊಂದು ಬಗೆಯಾಗಿ ಬೆಳೆದು, ಕೊನೆಗೆ ಬೆಂಗಳೂರಿನದೇ ಎನ್ನುವಂತಾಯಿತು.

ಮುಂಬಾಗಿಲನ್ನು ದಾಟಿದರೆ ನಡುವೆ ಹಾಲು, ಅದರ ಎರಡು ಪಕ್ಕಗಳಲ್ಲಿ ಕೋಣೆಗಳು. ಈ ಹಾಲಿನ ಮಾಡು ಸುತ್ತಲಿನ ಕೋಣೆಗಳ ಮಾಡಿಗಿಂತ ಎತ್ತರ. ಎತ್ತರದ ಗೋಡೆಯಲ್ಲಿ ಸಾಲಾಗಿ ಸಣ್ಣ ಕಿಟಕಿಗಳು. ಅವನ್ನು ತೆರೆಯಲು ಹಗ್ಗ ಕಟ್ಟಿರುತ್ತಾರೆ. ಬಿಸಿಯಾದ ಗಾಳಿಯು ಮೇಲೇರಿ ಈ ಕಿಟಕಿಗಳಿಂದ ಹೊರಹೋಗುತ್ತದೆ. ಬೆಳಕು ಅವುಗಳಿಂದಲೇ ಹಾಲಿನ ನಡುವೆ ಬೀಳುತ್ತದೆ. ತೊಟ್ಟಿಮನೆಯನ್ನು ಬಲ್ಲವರು ಈ ಹಾಲಿನಲ್ಲಿ ನಿಂತು ಮೇಲೆ ನೋಡಿದರೆ ರಹಸ್ಯವು ಬಯಲಾಗುತ್ತದೆ. ಇದು ಮಾಡು ಮುಚ್ಚಿದ ತೊಟ್ಟಿಯೇ! ಸುತ್ತಲಿನ ಕೋಣೆಗಳ ಬಾಗಿಲುಗಳು ಇದಕ್ಕೇ ತೆರೆಯುತ್ತವೆ. ಮದುವೆ ಮುಂಜಿಗಳು ಇಲ್ಲಿಯೇ. ಮಕ್ಕಳು ಮಲಗುವುದು ಇಲ್ಲಿಯೇ. ಪಕ್ಕದ ಗೋಡೆಗೆ ಕಿಟಕಿ ಬಂದುದರಿಂದ ಆಕಾಶವನ್ನು ಮನೆಯೊಳಕ್ಕೆ ಕರೆಯುವ ಅಗತ್ಯ ತಪ್ಪಿತು. ಆದರೆ ನಡುವೆ ಒಂದು ಸ್ಥಳವಿರಬೇಕು, ಅದರ ಸುತ್ತ ಸಂಸಾರವಿರಬೇಕು ಎಂಬ ಹಳೆಯ ಭಾವನೆ ತಪ್ಪಲಿಲ್ಲ.

ಸಾಮಗ್ರಿಯಲ್ಲಿಯೂ ಇದೇ ಬಗೆಯ ಸಂಧಾನ ಕಾಣುತ್ತದೆ. ಗೋಡೆಗೆ ಸುಟ್ಟ ಇಟ್ಟಿಗೆ, ಸುಣ್ಣದ ಗಾರೆ. ಮೆಟ್ಟಿಲಿಗೆ, ತಳಪಾಯಕ್ಕೆ ಸುತ್ತಮುತ್ತಲ ಕಲ್ಲುಗಣಿಗಳ ಕಗ್ಗಲ್ಲು. ಇಳಿಜಾರು ಮಾಡಿಗೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಪ್ರಸಿದ್ಧಿಗೆ ಬಂದ ಈ ಹೆಂಚು, ಒಂದಕ್ಕೊಂದು ಕಚ್ಚಿಕೊಂಡು ಕೂರುವುದರಿಂದ ನಾಡಹೆಂಚಿನಂತೆ ವರ್ಷವರ್ಷವೂ ಕೈಯಾಡಿಸಬೇಕಾದ ತೊಂದರೆಯಿಲ್ಲ. ಸಮತಟ್ಟಾದ ಮೇಲ್ಛಾವಣಿಗೆ ಮದ್ರಾಸು ತಾರಸಿ: ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದಲ್ಲಿ ಕಟ್ಟಿ, ಮೇಲೆ ಜಲ್ಲಿಗಾರೆ ಹಾಕಿ ಬಡಿದು ಗಟ್ಟಿಮಾಡುವ ಕ್ರಮ. ಒಳಗಿನ ನೆಲಕ್ಕೆ ಕೆಂಪು ಗಾರೆ. ವರ್ಷಾನುಗಟ್ಟಲೆ ಒರಸಿದಂತೆಲ್ಲ ಕನ್ನಡಿಯ ಹೊಳಪು ಪಡೆಯುವ ಈ ನೆಲವು ಈಗ ಮಾಡಿಸಬೇಕೆಂದರೂ ಬಲ್ಲ ಕೈ ಸಿಗುವುದು ಕಷ್ಟ.

ಹಾಲಿನ ಹಿಂದೆ ಊಟದ ಮನೆ, ಅಡುಗೆಮನೆ, ದೇವರಮನೆ. ಅವಕ್ಕೂ ಹಿಂದೆ ಬಚ್ಚಲುಮನೆ, ಬಾವಿ, ತುಳಸಿಕಟ್ಟೆ, ತೆಂಗು, ಕರಿಬೇವು. ನಲ್ಲಿಯ ನೀರು ಬಂದ ಮೇಲೂ ಬಾವಿಯು ತಕ್ಷಣ ಮುಚ್ಚಿಹೋಗಲಿಲ್ಲ. ಮಡಿಯ ಅಡುಗೆಗೆ ಸೇದಿದ ನೀರೇ ಆಗಬೇಕೆನ್ನುವವರು ಮನೆಮನೆಯಲ್ಲಿಯೂ ಇದ್ದರು. ಹೀಗೆ ಮುಂದಿನ ಅರ್ಧವು ದಂಡಿನ ಬಂಗಲೆಯ ಕಡೆಗೂ, ಹಿಂದಿನ ಅರ್ಧವು ಹಳ್ಳಿಯ ಮನೆಯ ಕಡೆಗೂ ಮುಖಮಾಡಿ ನಿಂತಿವೆ. ಕಚೇರಿಗೆ ಕೋಟು ರುಮಾಲು ಧರಿಸಿ ಹೋಗಿ, ಮನೆಗೆ ಬಂದು ಮಡಿಯುಟ್ಟು ಊಟಕ್ಕೆ ಕುಳಿತ ಆ ಕಾಲದ ಗೃಹಸ್ಥನ ಜೀವನಕ್ಕೆ ಇದು ಸರಿಯಾದ ಮನೆ.

೬. ಹಿತ್ತಿಲ ಹಿಂದಣ ಓಣಿ

ಮನೆಯ ವಿವರಣೆಯು ಸಾಮಾನ್ಯವಾಗಿ ಹಿತ್ತಿಲಿನಲ್ಲಿ ನಿಂತುಬಿಡುತ್ತದೆ. ಆದರೆ ಬಡಾವಣೆಯ ನಕ್ಷೆಯು ಅಲ್ಲಿಗೆ ನಿಲ್ಲುವುದಿಲ್ಲ. ಎರಡು ಸಾಲು ಮನೆಗಳ ಹಿತ್ತಿಲುಗಳ ನಡುವೆ ಒಂದು ಸಣ್ಣ ಓಣಿಯನ್ನು ಬಿಟ್ಟಿದ್ದಾರೆ. ಇದಕ್ಕೆ ಕನ್ಸರ್ವೆನ್ಸಿ ಓಣಿಯೆಂದು ಹೆಸರು. ಒಳಚರಂಡಿ ಬರುವುದಕ್ಕೆ ಮುನ್ನ ಪ್ರತಿಯೊಂದು ಮನೆಯ ಕಕ್ಕಸೂ ಹಿತ್ತಿಲಿನ ತುದಿಯಲ್ಲಿ, ಈ ಓಣಿಗೆ ಬೆನ್ನುಮಾಡಿ ಇರುತ್ತಿತ್ತು. ಓಣಿಯ ಕಡೆಯಿಂದ ಒಂದು ಸಣ್ಣ ಕಿಂಡಿ. ಮಲವನ್ನು ಎತ್ತುವ ಕಾರ್ಮಿಕರು ಓಣಿಯಲ್ಲಿ ಬಂದು, ಕಿಂಡಿಯಿಂದ ಅದನ್ನು ತೆಗೆದುಕೊಂಡು, ಮನೆಯವರ ಕಣ್ಣಿಗೆ ಬೀಳದೆ ಹೋಗಬೇಕಾಗಿತ್ತು.

ಆರೋಗ್ಯದ ದೃಷ್ಟಿಯಿಂದ ಪೇಟೆಗಿಂತ ಇದು ಉತ್ತಮವಾದ ಏರ್ಪಾಡೆಂಬುದು ನಿಶ್ಚಯ. ಆದರೆ ಈ ಓಣಿಯು ಬಡಾವಣೆಯ ಚರಿತ್ರೆಯಲ್ಲಿ ಅತ್ಯಂತ ಕಠೋರವಾದ ದಾಖಲೆಯೂ ಹೌದು. ಮುಂದಿನ ರಸ್ತೆಗೆ ಸಂಪಿಗೆಯ ಹೆಸರು. ಹಿಂದಿನ ಓಣಿಗೆ ಹೆಸರೇ ಇಲ್ಲ. ಮುಂದೆ ನಡೆಯುವವರು ಯಾರು, ಹಿಂದೆ ನಡೆಯುವವರು ಯಾರು ಎಂಬುದನ್ನು ನಕ್ಷೆಯೇ ಗೊತ್ತುಮಾಡಿತು. ಅಸ್ಪೃಶ್ಯತೆಯನ್ನು ಇಟ್ಟಿಗೆ ಗಾರೆಗಳಲ್ಲಿ ಕಟ್ಟಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ರೋಗವಿಲ್ಲದ ಬಡಾವಣೆಯ ನಿರ್ಮಲತೆಯು ಒಂದು ವರ್ಗದ ಜನರ ತಲೆಯ ಮೇಲೆ ಹೊತ್ತುದಾಗಿತ್ತು. ಮುಂದೆ ಒಳಚರಂಡಿ ಬಂದಿತು. ೧೯೭೦ರ ದಶಕದ ಆರಂಭದಲ್ಲಿ ಕರ್ನಾಟಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ತರುವಾಯ ೧೯೯೩ರಲ್ಲಿಯೂ ೨೦೧೩ರಲ್ಲಿಯೂ ಕೇಂದ್ರ ಶಾಸನಗಳಾದುವು. ಓಣಿಗಳಲ್ಲಿ ಕೆಲವು ಮುಚ್ಚಿಹೋದುವು, ಕೆಲವು ವಾಹನ ನಿಲ್ಲಿಸುವ ಸ್ಥಳವಾದುವು. ಮಂಕಿ ಟಾಪನ್ನು ಸಂರಕ್ಷಿಸಬೇಕೆನ್ನುವವರು ಈ ಓಣಿಯನ್ನೂ ದಾಖಲಿಸಬೇಕೆನ್ನುವುದು ನಮ್ಮ ಅಭಿಪ್ರಾಯ. ಒಂದನ್ನು ಉಳಿಸಿ ಇನ್ನೊಂದನ್ನು ಮರೆತರೆ ಚರಿತ್ರೆಯು ಅಲಂಕಾರವಾಗಿಬಿಡುತ್ತದೆ.

೭. ವಠಾರ ಮತ್ತು ಅನಂತರದ ಮಾರ್ಪಾಡು

ಬಡಾವಣೆಯಲ್ಲಿ ಎಲ್ಲರೂ ಬಂಗಲೆಗಳ ಯಜಮಾನರಾಗಿರಲಿಲ್ಲ. ದೊಡ್ಡ ನಿವೇಶನದ ಒಂದು ಭಾಗದಲ್ಲಿ ಸಾಲಾಗಿ ಸಣ್ಣ ಸಣ್ಣ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಡುವ ವಠಾರಗಳು ಕ್ರಮೇಣ ಹೆಚ್ಚಿದುವು. ನಡುವೆ ಒಂದು ಉದ್ದನೆಯ ಅಂಗಳ, ಒಂದು ಬಾವಿ ಅಥವಾ ನಲ್ಲಿ, ಎರಡು ಕಡೆ ಬಾಗಿಲುಗಳ ಸಾಲು. ಪಕ್ಕದ ಮನೆಯ ಒಗ್ಗರಣೆಯ ವಾಸನೆಯೂ ಮಗುವಿನ ಅಳುವೂ ಎಲ್ಲರಿಗೂ ಸೇರಿದುದು. ನಮ್ಮ ಜಿಲ್ಲೆಯಿಂದ ಓದಲು, ಕೆಲಸ ಹುಡುಕಲು ಬೆಂಗಳೂರಿಗೆ ಹೋದವರಿಗೆ ಮೊದಲ ಆಶ್ರಯವಾದುದು ಇಂತಹ ವಠಾರದ ಕೋಣೆಗಳೇ. ಬಂಗಲೆಯು ತೊಟ್ಟಿಗೆ ಮಾಡು ಹೊದಿಸಿತು. ವಠಾರವು ಅದನ್ನು ಮತ್ತೆ ಬಿಚ್ಚಿ ಹತ್ತು ಸಂಸಾರಗಳ ನಡುವೆ ಇಟ್ಟಿತು. ಹಳೆಯ ರಚನೆಯು ಹೀಗೆ ಎರಡು ಸಲ ಮರುಹುಟ್ಟು ಪಡೆಯಿತು.

ಸುತ್ತಣ ಸ್ಥಿತಿಯೂ ಬದಲಾಯಿತು. ಪಕ್ಕದಲ್ಲಿ ೧೯೦೯ರಲ್ಲಿ ವಿಜ್ಞಾನ ಮಂದಿರವು ಸ್ಥಾಪಿತವಾಯಿತು. ೧೯೫೬ರಲ್ಲಿ ಮೈಸೂರು ಎಜುಕೇಷನ್ ಸೊಸೈಟಿಯು ಬಡಾವಣೆಯಲ್ಲಿ ವಿದ್ಯಾಸಂಸ್ಥೆಗಳನ್ನು ಬೆಳೆಯಿಸತೊಡಗಿತು. ಊರ ಹೊರಗಿನ ಬಡಾವಣೆಯು ಊರ ನಡುವಣ ಬಡಾವಣೆಯಾಯಿತು. ೨೦೧೪ರಲ್ಲಿ ಸಂಪಿಗೆ ರಸ್ತೆಯ ಮೆಟ್ರೋ ನಿಲ್ದಾಣವು ತೆರೆಯಿತು. ನೆಲದ ಬೆಲೆಯು ಮನೆಯ ಬೆಲೆಯನ್ನು ಬಹುದೂರ ಮೀರಿಹೋಯಿತು. ಅಜ್ಜನ ಮನೆಯಲ್ಲಿ ಆರು ಮಂದಿ ಮೊಮ್ಮಕ್ಕಳಿಗೆ ಪಾಲು ಬಂದಾಗ ಮನೆಯನ್ನು ಆರು ಭಾಗ ಮಾಡುವುದು ಸಾಧ್ಯವಿಲ್ಲ; ಕೆಡವಿ ಆರು ಅಂತಸ್ತು ಕಟ್ಟುವುದು ಸಾಧ್ಯ. ತೊಲೆಗೆ ಗೆದ್ದಲು ಹತ್ತಿದರೆ ಬಡಗಿ ಸಿಗುವುದಿಲ್ಲ, ತಾರಸಿ ಸೋರಿದರೆ ಗಾರೆಯವರು ಸಿಗುವುದಿಲ್ಲ. ಮನೆ ಕೆಡಹುವವರನ್ನು ಹಳಿಯುವುದು ಸುಲಭ. ಅವರ ಕಷ್ಟವನ್ನು ಅರಿಯದೆ ಮಾಡುವ ಸಂರಕ್ಷಣೆಯ ಉಪದೇಶವು ಫಲಕಾರಿಯಲ್ಲ. ಹೀಗೆ ಕೆಡವಿ ಕಟ್ಟಿದ ಮನೆಗಳು ನಿವೇಶನದ ಅಂಚಿನವರೆಗೂ ಬಂದು ನಿಂತು, ಪಕ್ಕದ ತೆರಪು ಕರಗುತ್ತಿದೆ. ಯಾವ ಇಕ್ಕಟ್ಟಿನಿಂದ ಬಿಡಿಸಿಕೊಳ್ಳಲು ಬಡಾವಣೆಯು ಹುಟ್ಟಿತೋ ಆ ಇಕ್ಕಟ್ಟು ಈಗ ಲಂಬವಾಗಿ ಮರಳಿಬಂದಿದೆ.

೮. ಉಪಸಂಹಾರ

ಮೇಲಿನ ವಿವರಣೆಯಿಂದ ತಿಳಿಯುವುದೇನೆಂದರೆ, ಒಂದು ಮನೆಯ ಗೋಡೆ, ಕಿಟಕಿ, ಕಟ್ಟೆ, ಓಣಿಗಳು ಯಾವ ಕಡತವೂ ಹೇಳದ ಸಂಗತಿಗಳನ್ನು ಹೇಳುತ್ತವೆ. ರೋಗದ ಭಯ, ಜಾತಿಯ ಅಂತರ, ಕಚೇರಿಯ ಕೆಲಸ, ಹಳ್ಳಿಯ ನೆನಪು ಇವೆಲ್ಲ ಮಲ್ಲೇಶ್ವರದ ಮನೆಯಲ್ಲಿ ಒಟ್ಟಾಗಿ ನೆಲಸಿವೆ. ಕಡತವನ್ನು ಸುಟ್ಟರೆ ಇನ್ನೊಂದು ಪ್ರತಿ ಸಿಕ್ಕೀತು. ಅಳೆಯದೆ ಕೆಡವಿದ ಮನೆಗೆ ಪ್ರತಿಯಿಲ್ಲ.

ಈ ದೃಷ್ಟಿಯಿಂದ ನಮ್ಮ ಜಿಲ್ಲೆಯ ಕಾಲೇಜುಗಳಿಗೆ ಒಂದು ಸಮೀಪದ ಕರ್ತವ್ಯವಿದೆ. ತುಮಕೂರು ೨೦೧೦ರಲ್ಲಿ ಮಹಾನಗರಪಾಲಿಕೆಯಾಯಿತು. ಬೆಂಗಳೂರಿನ ಬೆಳವಣಿಗೆಯು ಹೆದ್ದಾರಿಯನ್ನು ಹಿಡಿದು ಇತ್ತಲೇ ಬರುತ್ತಿದೆ. ಕುಣಿಗಲಿಗೂ ೨೦೧೭ರಲ್ಲಿ ಬೆಂಗಳೂರು-ಹಾಸನದ ನೇರ ರೈಲುದಾರಿ ಬಂದುದರಿಂದ ಅಲ್ಲಿಯ ನೆಲಕ್ಕೂ ಬೆಲೆ ಬಂದಿದೆ. ತುಮಕೂರಿನ ಚಿಕ್ಕಪೇಟೆಯನ್ನೂ ಸೋಮೇಶ್ವರಪುರವನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಪೇಟೆಗೂ ಬಡಾವಣೆಗೂ ಇರುವ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಒಂದೇ ದಿನದಲ್ಲಿ ಕಾಲ್ನಡಿಗೆಯಿಂದ ಅರಿಯಬಹುದು. ಗುಬ್ಬಿಯ ಪೇಟೆಯಲ್ಲಿ, ಕುಣಿಗಲಿನ ಹಳೆಯ ಬೀದಿಗಳಲ್ಲಿ ಉಳಿದಿರುವ ತೊಟ್ಟಿಮನೆಗಳ ಉದ್ದಗಲವನ್ನು ಅಳೆದು, ಕಂಬ ಬೋದಿಗೆಗಳ ಚಿತ್ರ ಬರೆದು, ಮನೆಯ ಹಿರಿಯರು ಯಾವ ಭಾಗಕ್ಕೆ ಯಾವ ಹೆಸರನ್ನು ಹೇಳುತ್ತಾರೆಂಬುದನ್ನು ಅವರ ಮಾತಿನಲ್ಲಿಯೇ ಗುರುತುಹಾಕಿಕೊಳ್ಳಬೇಕು. ಮನೆಯಲ್ಲಿ ಯಾರು ಎಲ್ಲಿಯವರೆಗೆ ಬರಬಹುದಾಗಿತ್ತು, ಯಾರು ಬರಲಾಗದಾಗಿತ್ತು ಎಂಬುದನ್ನೂ ಕೇಳಿ ಬರೆದುಕೊಳ್ಳಬೇಕು. ಇದಕ್ಕೆ ಹಣ ಹೆಚ್ಚು ಬೇಕಿಲ್ಲ. ಅಳತೆಯ ಟೇಪು, ಕಾಗದ, ತಾಳ್ಮೆ ಇಷ್ಟಿದ್ದರೆ ಸಾಕು.

ಹೆಸರುಗಳು ಮನೆಗಳಿಗಿಂತ ಮೊದಲೇ ಅಳಿಯುತ್ತವೆ. ಹಗೇವು, ಪಡಸಾಲೆ, ಬೋದಿಗೆ ಎಂಬ ಪದಗಳನ್ನು ತೋರಿಸಿ ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಇರುವಾಗಲೇ ಈ ಕೆಲಸ ಆರಂಭವಾಗಬೇಕು.